ನಲವತ್ತೇಳು ಬೈ ಎರಡು

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ಮನುಷ್ಯರೇ ಮಾಡುವುದು ಎಂದು ಯಾರಾದರೂ ಹೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರು ಸಾಮಾನ್ಯವಾಗಿ ಕುರ್ಚಿಗೆ ಒರಗಿ ಕೂತಿರುತ್ತಾರೆ, ಅವರು ಹೇಳುವ ಆ ಮನುಷ್ಯ ಎದುರಿಗೆ ಕೈಕಟ್ಟಿ ನಿಂತಿರುತ್ತಾನೆ. ನಾನು ಆ ಮಾತನ್ನು ಮೊದಲು ಕೇಳಿದ್ದು ಸಂಡೂರು ಕಡೆಯ ಒಂದು ಗಣಿಯ ಮ್ಯಾನೇಜರನ ಬಾಯಲ್ಲಿ. ತಪ್ಪು ಮಾಡಿದ್ದು ನನ್ನ ಪ್ರೋಗ್ರಾಮು. ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದವರು ಬೇರೊಬ್ಬರು.

ಆಗ ಊರಿಗೆ ಊರೇ ಕೆಂಪಾಗಿತ್ತು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ಮೇಲೆ ಹಾಯುತ್ತಲೇ ಇದ್ದವು. ಒಗೆದು ಹರವಿದ ಬಿಳಿ ಲುಂಗಿ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ನಿನ್ನೆ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಟಿಪ್ಪರ್ ಮಾಲೀಕ, ಮೊನ್ನೆ ಚಹಾ ತಂದುಕೊಡುತ್ತಿದ್ದವನು ಇವತ್ತು ಏಜೆಂಟ. ನಮ್ಮಪ್ಪನದು ಬಟ್ಟೆ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ, ಡಿಪ್ಲೊಮಾ ಮುಗಿಸಿ ಬಂದ ನಾನು ಎರಡು ಕಂಪ್ಯೂಟರ್ ಇಟ್ಟುಕೊಂಡು ಅವರಿವರಿಗೆ ಪ್ರೋಗ್ರಾಮ್ ಬರೆದು ಕೊಡುತ್ತಿದ್ದೆ. "ಮದುವಿ ಆಗೋತನಕ ಏನರ ಮಾಡ್ಕೊಂಡಿರ್ಲಿ ಬಿಡ್ರಿ" ಎಂದು ಅಪ್ಪ ಗಿರಾಕಿಗಳಿಗೆ ಹೇಳುವುದು ಮೆಟ್ಟಿಲ ಮೇಲೆ ನನಗೆ ಕೇಳಿಸುತ್ತಿತ್ತು. ಅದಕ್ಕೂ ನನಗೆ ಸಿಟ್ಟು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಬರೆಯುವ ಆಸೆ ನನಗಿಲ್ಲ.

ಮೊದಲು ಕೆಲಸ ಕೊಟ್ಟಿದ್ದು ಕಂಪ್ಲಿಯ ಒಂದು ಅಕ್ಕಿ ಗಿರಣಿ. ಗೇಟಿನಿಂದ ಹೊರಗೆ ಹೋಗುವ ಚೀಲಗಳಿಗೆ ಚೀಟಿ ಹಾಕುವ ಸಣ್ಣ ಪ್ರೋಗ್ರಾಮ್ ಅದು. ಅಲ್ಲಿನ ಗುಮಾಸ್ತರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಅವರ ಅಪ್ಪ ಅವ್ವ ಇಬ್ಬರೂ ಅದೇ ಊರಿನ ಗದ್ದೆಗಳಲ್ಲಿ ಕೂಲಿ ಮಾಡಿ ಸವೆದವರು. ಆ ಮನೆತನದಲ್ಲಿ ಮೇಜಿನ ಮುಂದೆ ಕೂತು ದುಡಿದವರು ಇವರೇ ಮೊದಲು. ಎರಡೇ ದಿನದಲ್ಲಿ ಕೆಲಸ ಕಲಿತರು, ಮೂರನೆಯ ದಿನ ನನ್ನದೇ ಒಂದು ತಪ್ಪು ಹುಡುಕಿ ಬೆರಳಿಟ್ಟು ತೋರಿಸಿದರು. ನನ್ನನ್ನು "ಅಕ್ಕಾರ" ಎನ್ನುತ್ತಿದ್ದರು, ನಾನು ಅವರನ್ನು "ಅಣ್ಣಾರ" ಎನ್ನುತ್ತಿದ್ದೆ. ಮುಂದೆ ಒಂದು ಗಣಿಯವರು ವೇಬ್ರಿಜ್‌ಗೆ ಪ್ರೋಗ್ರಾಮ್ ಬೇಕು, ಅದನ್ನು ನಡೆಸಲು ನಂಬಿಕಸ್ಥ ಆಳೂ ಬೇಕು ಎಂದಾಗ ಇವರ ಹೆಸರು ಹೇಳಿದವಳು ನಾನೇ. ಅವರು ಗಿರಣಿ ಬಿಟ್ಟು, ಗಣಿಯ ಹತ್ತಿರದ ವಡ್ಡು ಎಂಬ ಊರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅಲ್ಲಿಗೆ ಹೋದರು.

ವೇಬ್ರಿಜ್ ಎಂದರೆ ಲಾರಿ ತೂಗುವ ಕಾಟಾ. ಪಕ್ಕದಲ್ಲಿ ತಗಡಿನ ಕೋಣೆ, ಅದರೊಳಗೆ ಕಂಪ್ಯೂಟರ್ ಮತ್ತು ಕಿರ್ ಕಿರ್ ಎನ್ನುವ ಪ್ರಿಂಟರ್. ಲಾರಿ ಬಂದು ನಿಂತರೆ ಇವರು ಅದರ ನಂಬರು, ಹೆಸರು, ಡ್ರೈವರ್ ಹೆಸರು, ಅದಿರು ಯಾವ ಸರ್ವೆ ನಂಬರಿನದು ಎಂದು ಟೈಪ್ ಮಾಡಿ ಒಂದು ಬಟನ್ ಒತ್ತಬೇಕು. ಸರ್ಕಾರದ ಮುದ್ರೆ ಬಿದ್ದ ಗುಲಾಬಿ ಹಾಳೆಯ ಮೇಲೆ ಟ್ರಿಪ್ ಶೀಟ್ ಅಚ್ಚಾಗಿ ಬರುತ್ತದೆ. ಆ ಶೀಟಿದ್ದರೆ ಅದಿರು ಗಣಿಯದು, ಇಲ್ಲದಿದ್ದರೆ ಕಳ್ಳಮಾಲು. ಸರ್ವೆ ನಂಬರ್ ಅಂದರೆ ಹುಡುಗಾಟವಲ್ಲ. ಇಡೀ ಗುಡ್ಡ ನಲವತ್ತೇಳು. ಬುಡದ ಒಂದು ಪಟ್ಟಿ ಮಾತ್ರ ನಲವತ್ತೇಳು ಬೈ ಎರಡು, ಬರೆಯುವುದು 47/2 ಎಂದು, ಗಣಿಗೆ ಕೊಟ್ಟದ್ದು ಅಷ್ಟೇ. ಮೇಲಿನದೆಲ್ಲ ಕಾಡು, ಅಲ್ಲಿ ಗುದ್ದಲಿ ಹಾಕುವ ಹಾಗಿಲ್ಲ.

ನನ್ನ ಪ್ರೋಗ್ರಾಮ್ ತಾನಾಗಿ ಹಾಳೆಯ ಮೇಲೆ ಅಚ್ಚು ಹಾಕುತ್ತಿರಲಿಲ್ಲ. ನಾನು ಬರೆದ ಸ್ಕ್ರಿಪ್ಟು ಇವರು ಟೈಪ್ ಮಾಡಿದ್ದನ್ನೆಲ್ಲ ಒಂದು ಸಾಲಾಗಿ ಕಟ್ಟಿ, ಹೊರಗಿನಿಂದ ಕೊಂಡು ತಂದು ಜೋಡಿಸಿದ ಸಿದ್ಧ ತುಣುಕು, ಒಂದು ಪ್ಲಗಿನ್ನಿಗೆ ಒಪ್ಪಿಸುತ್ತಿತ್ತು. ಗುಲಾಬಿ ಹಾಳೆಯ ಯಾವ ಚೌಕದಲ್ಲಿ ಏನು ಬೀಳಬೇಕೆಂದು ಗೊತ್ತಿದ್ದದ್ದು ಆ ಪ್ಲಗಿನ್ನಿಗೆ. ಸ್ಕ್ರಿಪ್ಟಿನ ಕೈಯಿಂದ ಪ್ಲಗಿನ್ನಿನ ಕೈಗೆ ಮಾತು ದಾಟುವ ಆ ಒಂದು ಗೇಣು ಜಾಗದಲ್ಲಿ ಏನೇನು ಬಿದ್ದು ಹೋಗಬಹುದು ಎಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು.

ಅದಾದದ್ದು ಲಾರಿಗಳ ಹೆಸರಿನಿಂದ. ನಮ್ಮ ಕಡೆ ಲಾರಿಗೆ ನಂಬರಿಗಿಂತ ಹಣೆಯ ಮೇಲೆ ಬರೆಸಿದ ಹೆಸರೇ ದೊಡ್ಡದು. ಅವ್ವನ ಆಶೀರ್ವಾದ, ಮನೆದೇವರ ಕೃಪೆ, ಮಗಳ ಹೆಸರು, ಒಂದಲ್ಲ ಒಂದು ಇರಲೇಬೇಕು. ಅಣ್ಣಾರು ಅಚ್ಚುಕಟ್ಟಿನ ಮನುಷ್ಯ, ಆ ಹೆಸರನ್ನು ಎರಡು ಉದ್ಧರಣೆ ಚಿಹ್ನೆಗಳ ನಡುವೆ ಟೈಪ್ ಮಾಡುತ್ತಿದ್ದರು. ಪ್ಲಗಿನ್ನಿಗೆ ನಾನು ಕೊಡುವ ಸಾಲೂ ಅಂಥದೇ ಎರಡು ಚಿಹ್ನೆಗಳ ನಡುವೆ ಇರುತ್ತಿತ್ತು. ನಡುವೆ ಇವರದು ಸಿಕ್ಕ ಕೂಡಲೇ ಮಾತು ಮುಗಿಯಿತೆಂದು ಅದು ಬಾಯಿ ಮುಚ್ಚುತ್ತಿತ್ತು. ಅರ್ಧ ಶೀಟು ಖಾಲಿ. ಅದಕ್ಕೆ ಮದ್ದೆಂದರೆ ಆ ಚಿಹ್ನೆಗಿಂತ ಮೊದಲು ಒಂದು ಹಿಂದಕ್ಕೆ ವಾಲಿದ ಗೆರೆ ಹಾಕುವುದು, ಹೀಗೆ: \ . ಮುಂದೆ ಬರುವುದು ಬರೀ ಅಕ್ಷರ, ಅದನ್ನು ಆಜ್ಞೆ ಎಂದು ತಿಳಿಯಬೇಡ ಎಂದು ಆ ಗೆರೆ ಹೇಳುತ್ತದೆ. ಹಾಕಿದೆ, ಶೀಟು ಸರಿಹೋಯಿತು, ನಾನು ಬೀಗಿದೆ. ಅದೇ ಗೆರೆ ತಾನೇ ಸಾಲಿನೊಳಗೆ ಬಂದರೆ ಏನಾದೀತೆಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅದನ್ನು ಯಾರು ಒತ್ತುತ್ತಾರೆ, ಯಾರಿಗೂ ಬೇಡದ ಬಟನ್ ಎಂದುಕೊಂಡೆ.

ಫೋನ್ ಬಂದಾಗ ನಾನು ಹಂಪಿ ಬಜಾರಿನಲ್ಲಿದ್ದೆ. ಕಲ್ಲು ಮಂಟಪದ ಹಿಂದಿನ ಒಂದು ಸಣ್ಣ ಲಾಡ್ಜಿನಲ್ಲಿ ಕಂಪ್ಯೂಟರ್ ಕೈಕೊಟ್ಟಿತ್ತು. ಮಾಲೀಕ ತಲೆಯ ಮೇಲೇ ನಿಂತು "ಆತೇನ್ರಿ, ಆತೇನ್ರಿ" ಎಂದು ಜೀವ ತಿನ್ನುತ್ತಿದ್ದ, ನನ್ನ ಊಟವೂ ಆಗಿರಲಿಲ್ಲ.

"ಅಕ್ಕಾರ, ಬೈ ಬಟನ್ ಸತ್ತೈತ್ರಿ" ಎಂದರು ಅಣ್ಣಾರು. "ಅಕ್ಷರದ ಕಡೇದೂ, ಅಂಕಿ ಕಡೇದೂ, ಎರಡೂ. ಧೂಳು ಹೊಕ್ಕೈತಿ, ಎಷ್ಟು ಒತ್ತಿದ್ರೂ ಬರವಲ್ದು."

"ಹೊಸ ಕೀಬೋರ್ಡ್ ಕೇಳ್ರಿ."

"ಕೇಳಿ ಹದಿನೈದು ದಿನ ಆತ್ರಿ. ಬರತೈತಿ, ಬರತೈತಿ ಅಂತಾರ. ನಲವತ್ತೇಳು ಬೈ ಎರಡು ಹೆಂಗ ಹಾಕ್ಲಿ? ಲಾರಿ ಸಾಲು ಹಚ್ಚ್ಯಾವ, ಹಾರ್ನ್ ಹೊಡಿಯಾಕತ್ತಾರ."

"ಇನ್ನೊಂದು ಐತಲ್ರಿ, ಎಂಟರ್ ಮ್ಯಾಲೆ, ಹಿಂದಕ್ಕ ವಾಲಿದ್ದು. ಅದನ್ನ ಒತ್ರಿ."

"ಅದು ಬ್ಯಾರೆ ಅಲ್ರೀ ಅಕ್ಕಾರ?"

"ಗೀಟು ಗೀಟೇ ಅಣ್ಣಾರ. ಏನಾಗಂಗಿಲ್ಲ, ಒತ್ರಿ" ಎಂದು ಗದರಿದ ಹಾಗೆ ಹೇಳಿ ಫೋನ್ ಇಟ್ಟೆ.

ಕಲಿತವಳು ನಾನು. ಅನುಮಾನ ಬಂದದ್ದು ಅವರಿಗೆ. ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಣ್ಣಾರ ಹೆಂಡತಿ ಕಂಪ್ಲಿಯಿಂದ ಮೊದಲ ಬಸ್ಸಿಗೆ ಬಂದು ಅಂಗಡಿಯ ಮೆಟ್ಟಿಲು ಹತ್ತಿದರು. ಅವರನ್ನು ಅದಕ್ಕೆ ಮುಂಚೆ ನೋಡಿದ್ದು ಒಮ್ಮೆ ಮಾತ್ರ. ಕುಂದ್ರಿ ಎಂದರೂ ಕೂರಲಿಲ್ಲ.

"ನಿನ್ನೆ ಮಧ್ಯಾಹ್ನ ಚೆಕ್‌ಪೋಸ್ಟ್ ನಾಕಾದಾಗ ಲಾರಿ ಹಿಡಿದಾರಂತ್ರಿ. ಕಾಗದ ಖೊಟ್ಟಿ ಅಂತ. ಇವರನ್ನ ಸ್ಟೇಷನ್ನಿಗೆ ಒಯ್ದಾರ."

"ಇವರನ್ನ ಯಾಕ?"

"ಕಾಗದ ಮಾಡಿದವರು ಇವರ ಅಲ್ರೀ. ಹೊರಗಿನೋರ ಕಳ್ಳಮಾಲಿಗೆ ಶೀಟು ಮಾರಿದಾರ ಅಂತ ಕಂಪನಿಯೋರ ಹೇಳ್ಯಾರಂತ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. "ಒಂದ ಮಾತು ಹೇಳಿ ಕಳಿಸ್ಯಾರ. ಅಕ್ಕಾರನ್ನ ಕೇಳು, ಆ ಬಟನ್ ಒತ್ತಿದ್ದಕ್ಕ ಹಿಂಗಾತೇನು ಅಂತ."

ನಾನು ಎದ್ದು ನೀರು ಕೊಟ್ಟೆ. ಅವರು ಕುಡಿದು ಲೋಟ ಕೆಳಗಿಟ್ಟು, "ನಮ್ಮ ಓಣ್ಯಾಗ ಯಾರಿಗೆ ಕಾಗದ ಬಂದ್ರೂ ಓದಿ ಹೇಳೋರು ಇವರ್ರಿ. ಖೊಟ್ಟಿ ಕಾಗದ ಮಾಡಿದವ ಅನ್ನಿಸ್ಕೊಂಡು ಆ ಓಣಿಗೆ ಹೆಂಗ ಬರ್ತಾರ? ಅಡಿಕಿಗೆ ಹ್ವಾದ ಮಾನ ಆನಿ ಕೊಟ್ರೂ ಬರೂದಿಲ್ಲ" ಎಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರನ್ನು ಕೆಳಗೆ ನಮ್ಮವ್ವನ ಹತ್ತಿರ ಕೂರಿಸಿ ನಾನು ಗಣಿಗೆ ಹೋದೆ. ಮ್ಯಾನೇಜರನ ಕೋಣೆಯ ಹೊರಗೆ ಮೂರು ಹೊಸ ಕಾರು ನಿಂತಿದ್ದವು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಮೂರು ಕಾರು ಬಂದ ದಾರಿಯಲ್ಲಿ ಒಂದು ಕೀಬೋರ್ಡ್ ಬರಲಾರದೇ ಹೋಯಿತಲ್ಲ ಎಂದು ಅಲ್ಲೇ ನನಗೆ ಸಿಟ್ಟು ನೆತ್ತಿಗೇರಿತು.

"ಬರ್ರಿ ಮೇಡಂ, ಕುಂದ್ರಿ" ಎಂದ ಮ್ಯಾನೇಜರ್ ಚಹಾ ತರಿಸಿದ. ನಾಕಾಕ್ಕೆ ಹೊಸದಾಗಿ ಬಂದ ಒಬ್ಬ ಅಧಿಕಾರಿ ಶೀಟು ಓದಿ ನೋಡಿದ್ದನಂತೆ. ಅಲ್ಲಿಯತನಕ ಅದನ್ನು ಓದಿದವರೇ ಇರಲಿಲ್ಲ. ಡ್ರೈವರ್ ಟೋಪಿಯೊಳಗಿಂದ ತೆಗೆದು ಅಲ್ಲಾಡಿಸಿದರೆ ಗೇಟು ಏಳುತ್ತಿತ್ತು. ಈತ ಓದಿದ. ಅದರಲ್ಲಿ ನಲವತ್ತೇಳು ಬೈ ಎರಡರ ಬದಲು ಬರೀ ನಲವತ್ತೇಳು ಎಂದಿತ್ತು. ಅಂದರೆ ಕಾಡಿನ ಅದಿರು. ಹಿಂದಿನ ಶೀಟುಗಳ ನಕಲು ತೆಗೆಸಿದರೆ ಮೂರು ವಾರದಿಂದ ಎಲ್ಲವೂ ಹಾಗೇ ಇದ್ದವು.

ಮ್ಯಾನೇಜರ್ ಒಂದು ಕಾಗದ ನನ್ನ ಮುಂದೆ ಸರಿಸಿದ. ಮೊದಲೇ ಟೈಪ್ ಮಾಡಿಸಿಟ್ಟಿದ್ದ. ಪ್ರೋಗ್ರಾಮಿನಲ್ಲಿ ಯಾವ ದೋಷವೂ ಇಲ್ಲ, ಆಪರೇಟರ್ ಬೇಕೆಂದೇ ನಂಬರು ತಿದ್ದಿದ್ದಾನೆ ಎಂದು ಬರೆದಿತ್ತು. ಕೆಳಗೆ ನನ್ನ ರುಜುವಿಗೆ ಜಾಗ.

"ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಮೇಡಂ. ಮನುಷ್ಯಾರ ಮಾಡೋದು" ಎಂದು ಅವನು ಕುರ್ಚಿಗೆ ಒರಗಿದ. "ಹೊಲದಾಗ ಇರೋರನ್ನ ತಂದು ಕುರ್ಚಿ ಮ್ಯಾಲೆ ಕುಂದ್ರಿಸಿದ್ರ ಹಿಂಗ ಆಗ್ತೈತಿ. ನೀವ ಹೇಳಿ ಇಟ್ಟವ ಅಂವ. ನಿಮ್ಮ ಹೆಸರು ನಾವು ಎಲ್ಲೂ ತಂದಿಲ್ಲ."

ಹೊಲದಾಗ ಇರೋರು ಎಂದರೆ ಯಾರು ಎಂದು ಅವನು ಬಿಡಿಸಿ ಹೇಳಬೇಕಿರಲಿಲ್ಲ. ನಾನು ಅಂಗಡಿಕಾರರ ಮನೆಯವಳು, ಹಣೆಯ ಮೇಲೆ ವಿಭೂತಿ ಇದ್ದವಳು. ಆದ್ದರಿಂದ ನನಗೆ ಕುರ್ಚಿ, ಚಹಾ, ಮುಚ್ಚಿಟ್ಟ ಹೆಸರು. ಗದ್ದೆಯ ಕೂಲಿಯವರ ಮಗನಿಗೆ ಸ್ಟೇಷನ್ನಿನ ಬೆಂಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ನಾನು ಶಾಲೆಯಲ್ಲಿ ಓದಿ ಉರು ಹೊಡೆದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಚಹಾ ಮುಟ್ಟದೆ ಎದ್ದು, ನನಗೆ ಮೊದಲು ವೇಬ್ರಿಜ್ ನೋಡಬೇಕು ಎಂದೆ.

ತಗಡಿನ ಕೋಣೆಯಲ್ಲಿ ಬೇರೊಬ್ಬ ಕೂತಿದ್ದ. ಅವನನ್ನು ಎಬ್ಬಿಸಿ, ನಾನೇ ಕೂತು 47\2 ಎಂದು ಒತ್ತಿದೆ. ಪರದೆಯ ಮೇಲೆ 47\2 ಎಂದೇ ಕಂಡಿತು. ಅಣ್ಣಾರು ದಿನವೂ ನೋಡಿದ್ದು ಇದನ್ನೇ. ಪ್ರಿಂಟರ್ ಕಿರ್ ಎಂದಿತು. ಹಾಳೆ ಹರಿದು ನೋಡಿದರೆ 47.

ಉದ್ಧರಣೆ ಚಿಹ್ನೆಯನ್ನು ಬರೀ ಅಕ್ಷರ ಮಾಡುವ ಅದೇ ಗೆರೆ ಅಂಕಿಗೆ ಅಂಟಿದರೆ ಉಲ್ಟಾ ಕೆಲಸ ಮಾಡುತ್ತದೆ. ಅದು ಕಂಡ ಕೂಡಲೇ ಪ್ಲಗಿನ್ನು ಅದರ ಮುಂದಿನ ಅಂಕಿಯನ್ನು ಅಂಕಿ ಎಂದು ಓದುವುದಿಲ್ಲ, ಆಜ್ಞೆ ಎಂದು ಓದುತ್ತದೆ. ಎರಡನೆಯ ಆಜ್ಞೆ ಎಂದರೆ ಕಾಗದದ ಮೇಲೆ ಕಾಣದ ಒಂದು ಗುರುತು. ಗೆರೆಯೂ ಹೋಯಿತು, ಎರಡೂ ಹೋಯಿತು. ನನ್ನ ಸ್ಕ್ರಿಪ್ಟಿನಲ್ಲಿ ಒಂದು ಗೆರೆಗೆ ಎರಡು ಗೆರೆ ಮಾಡಿ ದಾಟಿಸಿದ್ದರೆ ಒಂದು ಉಳಿಯುತ್ತಿತ್ತು. ಬರೀ ಒಂದು ಸಾಲಿನ ಕೆಲಸ. ಉದ್ಧರಣೆ ಚಿಹ್ನೆಗೆ ಮಾಡಿದ ದಿನವೇ ಇದನ್ನೂ ಮಾಡಬಹುದಿತ್ತು. ಉದಾಸೀನ ಮಾಡಿದೆ, ಮೇಲಿಂದ ಗೀಟು ಗೀಟೇ ಎಂದೆ.

ಆ ಹಾಳೆ ಹಿಡಿದುಕೊಂಡೇ ಹೋಗಿ ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿದೆ. ತಪ್ಪು ನನ್ನದು, ಅವರದ್ದಲ್ಲ, ನಿಮ್ಮ ಕಾಗದಕ್ಕೆ ರುಜು ಹಾಕುವುದಿಲ್ಲ, ನಾನೇ ಹೋಗಿ ಅಧಿಕಾರಿಗೆ ಹೇಳುತ್ತೇನೆ ಎಂದು ಕೂಗಿದೆ. ಹೊರಗೆ ಡ್ರೈವರುಗಳು ಇಣುಕಿ ನೋಡುವಷ್ಟು ಕೂಗಿದೆ. ಅವನು ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ. ಬರಲಿಲ್ಲ. ಹಾಳೆಯನ್ನು ಎತ್ತಿ ನೋಡಿದ, ಮತ್ತೆ ನೋಡಿದ, ಮುಖ ಸಡಿಲಾಯಿತು.

"ಹಂಗಂದ್ರ ನಮ್ಮ ಅದಿರು ನಲವತ್ತೇಳು ಬೈ ಎರಡರದ, ಕಾಗದದಾಗ ಬೈ ಎರಡು ಬಿದ್ದಿಲ್ಲ, ಅಷ್ಟ ಅಲ್ರೀ?"

"ಅಷ್ಟೇ."

"ಹಂಗ ಬರೆದು ಕೊಡ್ರಿ ಮತ್ತ. ನಲವತ್ತೇಳು ಅಂತ ಬಂದಲ್ಲೆಲ್ಲಾ ನಲವತ್ತೇಳು ಬೈ ಎರಡು ಅಂತ ಓದ್ಕೋಬೇಕು ಅಂತ ಒಂದು ಮಾತು ಸೇರಿಸ್ರಿ. ನಮ್ಮ ಹುಡುಗನೂ ಹೊರಗ ಬರ್ತಾನ."

ಬೆಳಿಗ್ಗೆ ಕಳ್ಳನಾಗಿದ್ದವರು ಅಷ್ಟರಲ್ಲಿ ಅವನ ಹುಡುಗನಾಗಿದ್ದರು. ನನ್ನನ್ನು ಬಿಡಲು ಹೊಸ ಕಾರು ಕಳಿಸಿದ. ಸಿಟ್ಟಿನ ಭರದಲ್ಲಿದ್ದೆ, ನಾನು ಗೆದ್ದೆ ಎಂದುಕೊಂಡೆ. ಇಷ್ಟು ಸಲೀಸಾಗಿ ಯಾಕೆ ಒಪ್ಪಿದ ಎಂದು ದಾರಿಯಲ್ಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಮನೆಗೆ ಬಂದು ಬರೆಯಲು ಕೂತಾಗ ಅಪ್ಪ ಮೇಲೆ ಬಂದ. "ನನ್ನ ಪ್ರೋಗ್ರಾಮ್ ಸರಿ ಇಲ್ಲ ಅಂತ ನಿನ್ನ ಕೈಯಾರ ಬರೆದು ಕೊಟ್ರ ನಾಳೆ ಯಾವ ಗಣಿಯವ ನಿನ್ನ ಕರೀತಾನ? ಕಾಲ ಮ್ಯಾಲೆ ಚಪ್ಪಡಿ ಎಳ್ಕೊಳ್ಳಾಕತ್ತೀಯಲ್ಲ" ಎಂದ. ಕೆಳಗೆ ಅಣ್ಣಾರ ಹೆಂಡತಿ ಕೂತಿದ್ದಾರಲ್ಲ, ಅವರ ಮುಖ ನೋಡಿ ಈ ಮಾತು ಹೇಳು ಎಂದೆ. ಅಪ್ಪ ಇಳಿದು ಹೋದ. ನಾನು ಒಂದೇ ಉಸಿರಿಗೆ ಬರೆದೆ. ಮ್ಯಾನೇಜರ್ ಹೇಳಿಕೊಟ್ಟ ಮಾತನ್ನೂ ಸೇರಿಸಿದೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಂಪ್ಯೂಟರನ್ನೂ ಪ್ರಿಂಟರನ್ನೂ ಆಟೋದಲ್ಲಿ ಹೇರಿಕೊಂಡು ಆ ಅಧಿಕಾರಿಯ ಕಚೇರಿಗೆ ಹೋದೆ. ಅಣ್ಣಾರನ್ನೂ ಅಲ್ಲಿಗೆ ಕರೆತಂದಿದ್ದರು. ಅಂಗಿಯ ಮೇಲಿನ ಗುಂಡಿ ಕಿತ್ತಿತ್ತು, ಗಡ್ಡ ಬಂದಿತ್ತು. ಗೋಡೆಗೆ ಅಂಟಿ ನಿಂತಿದ್ದರು, ನನ್ನ ಕಡೆ ನೋಡಲಿಲ್ಲ. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವ, ಒಳ್ಳೆಯವ, ಕೇಳುವ ಕಿವಿ ಇದ್ದವ. ನಾನು 47\2 ಎಂದು ಒತ್ತಿ 47 ಅಚ್ಚು ಹಾಕಿ ತೋರಿಸಿದೆ. ಅವನು ತಾನೇ ಕೂತು ಒತ್ತಿ ನೋಡಿದ. ಎರಡರ ಬದಲು ಬೇರೆ ಅಕ್ಷರ ಹಾಕಿದರೆ ಏನಾಗುತ್ತದೆ ಎಂದು ಕೇಳಿದ. ಎನ್ ಹಾಕಿದರೆ ಸಾಲು ಕೆಳಗೆ ಜಿಗಿಯಿತು, ಟಿ ಹಾಕಿದರೆ ದೂರ ಸರಿಯಿತು. ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದ. ಎಲ್ಲರೂ ಪ್ರಿಂಟರಿನ ಸುತ್ತ ನಿಂತು ನೋಡಿ ಮೆಚ್ಚಿದರು. ಗುಡ್ಡಕ್ಕೆ ಹೋಗಿ ನೋಡೋಣ ಎಂದು ಒಬ್ಬರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಧಿಕಾರಿ ನನ್ನ ಕಾಗದ ಫೈಲಿಗೆ ಸೇರಿಸಿದ. ಒಂದು ವಾರದೊಳಗೆ ಪ್ರೋಗ್ರಾಮ್ ಸರಿ ಮಾಡಬೇಕು, ಆಮೇಲೆ ಒಂದು ಶೀಟಿನಲ್ಲಿ ಬರೀ ನಲವತ್ತೇಳು ಕಂಡರೂ ಅದನ್ನು ಅಚ್ಚು ಹಾಕಿದವರನ್ನು ಮತ್ತೆ ಕರೆಸುತ್ತೇನೆ ಎಂದ. ಸಂಜೆಯ ಹೊತ್ತಿಗೆ ಅಣ್ಣಾರನ್ನು ಬಿಟ್ಟರು. ಹೆಂಡತಿಯ ಜೊತೆ ಬಸ್ಸು ಹತ್ತುವ ಮುಂಚೆ ನನಗೆ ಕೈಮುಗಿದರು. ನಾಕಾದಲ್ಲಿ ನಿಲ್ಲಿಸಿದ್ದ ಲಾರಿಗಳೂ ಅಂದೇ ಹೊರಟವು.

ನಾಲ್ಕು ದಿನ ಬಿಟ್ಟು ನಾನು ಕಂಪ್ಲಿಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಬೈಸಿಕೊಳ್ಳಲು ಹೋದೆ ಎಂದುಕೊಂಡಿದ್ದೆ, ಒಳಗೊಳಗೆ ಹೊಗಳಿಸಿಕೊಳ್ಳಲು ಹೋಗಿದ್ದೆ. ಎರಡು ಅಂಕಣದ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಚಾಪೆ ಹಾಸಿ ಕೂರಿಸಿದರು. ನನ್ನ ಮಾತು ಕೇಳಿ ಬಟನ್ ಒತ್ತಿದಿರಿ, ನನ್ನಿಂದ ಹೀಗಾಯಿತು ಎಂದೆ.

"ನೀವು ಸಾಹೇಬ್ರ ಮುಂದ ತೋರಿಸಿದ್ದು ಖರೇನ ಐತ್ರಿ" ಎಂದರು ಅಣ್ಣಾರು. "ಬಟನ್ನಿಂದ ಬೈ ಎರಡು ಹಾರಿ ಹೋತು, ಖರೆ. ಆದ್ರ ಅಕ್ಕಾರ, ಆ ಅದಿರು ನಲವತ್ತೇಳರದ ಇತ್ರಿ."

ನನಗೆ ಅರ್ಥವಾಗಲಿಲ್ಲ. ಏನು ಹಂಗಂದರೆ ಎಂದೆ.

"ಕೆಳಗಿನ ಪಟ್ಟಿ ಮುಗಿದು ವರ್ಷ ಆತ್ರಿ. ಅಲ್ಲೀಗ ಬರೇ ಕುಣಿ, ನೀರು ನಿಂತೈತಿ. ಲಾರಿ ಎಲ್ಲಾ ಮ್ಯಾಲಿಂದ ಇಳಿತಾವ. ಕಾಟಾದಾಗ ಕುಂತ್ರ ಕಿಡಕ್ಯಾಗ ಕಾಣತೈತಿ."

ಆ ಕೋಣೆಗೆ ನಾನು ಹತ್ತು ಸಲ ಹೋಗಿದ್ದೆ. ಕಿಟಕಿ ಪರದೆಯ ಹಿಂದೆಯೇ ಇತ್ತು. ನಾನು ಪರದೆಯಾಚೆ ಕಣ್ಣು ಹಾಯಿಸಿದವಳಲ್ಲ.

"ಮತ್ತ ನೀವು ಬೈ ಎರಡು ಅಂತ ಹಾಕ್ತಿದ್ರಿ?"

"ಹಾಕು ಅಂದ್ರು, ಹಾಕಿದೆ. ಅಕ್ಕಿ ಗಿರಣ್ಯಾಗ ಹಂಗ ಹಾಕಿದವ ಅಲ್ಲ ನಾನು. ಇಲ್ಲಿ ಹಾಕಿದೆ."

"ಸಾಹೇಬ್ರಿಗೆ ಯಾಕ ಹೇಳಲಿಲ್ಲ ಅಣ್ಣಾರ?"

"ಗೊತ್ತಿದ್ದೂ ದಿನಾ ಒತ್ತಿದವ ನೀನ ಅಲ್ಲೇನು ಅಂತಿದ್ರು. ಖರೆ ಹೇಳಿದ್ರ ನಾನ ಕಳ್ಳ ಆಕ್ಕಿದ್ದೆ. ಅವರು ಅಲ್ಲ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಒರೆಸುವ ಬಟ್ಟೆ ನಾನಾಗಿದ್ದೆ. ಆ ಗಣಿಯಲ್ಲಿ ಮೂರು ವಾರ ನಿಜ ಹೇಳಿದ್ದು ಒಂದೇ ಒಂದು, ನನ್ನ ಪ್ರೋಗ್ರಾಮಿನ ತಪ್ಪು. ಅದನ್ನೇ ಸುಳ್ಳೆಂದು ನಾನು ಬರೆದು, ರುಜು ಹಾಕಿ, ಪ್ರಿಂಟರ್ ಹೊತ್ತುಕೊಂಡು ಹೋಗಿ ಸಾಬೀತು ಮಾಡಿ ಬಂದಿದ್ದೆ. ನಲವತ್ತೇಳು ಎಂದು ಬಂದಲ್ಲೆಲ್ಲ ಬೈ ಎರಡು ಎಂದು ಓದಿಕೊಳ್ಳಬೇಕು. ಆ ಮಾತನ್ನು ಮ್ಯಾನೇಜರ್ ಯಾಕೆ ಸೇರಿಸು ಎಂದ ಎಂಬುದು ಆ ಚಾಪೆಯ ಮೇಲೆ ನನಗೆ ಹೊಳೆಯಿತು. ನನ್ನ ಬಾಯಲ್ಲಿ ಏನೇನು ಬೈಗುಳ ಬಂದವೋ ಇಲ್ಲಿ ಬರೆಯಲಾರೆ.

"ಆ ಕಾಗದ ವಾಪಸ್ ತಗೋತೀನಿ. ಇವತ್ತ ಹೋಗ್ತೀನಿ" ಎಂದು ಎದ್ದೆ.

ಅಣ್ಣಾರು ಏಳಲಿಲ್ಲ. "ತಗೊಂಡ್ರ ನಾನು ಮತ್ತ ಸ್ಟೇಷನ್ ಬೆಂಚಿನ ಮ್ಯಾಲೇ ಕುಂದ್ರಬೇಕ್ರಿ" ಎಂದರು.

ಬಾಗಿಲಲ್ಲಿ ಅವರ ಹೆಂಡತಿ ಚಹಾದ ಬಟ್ಟಲು ಹಿಡಿದು ನಿಂತಿದ್ದರು. "ಬ್ಯಾಡ್ರಿ ಅಕ್ಕಾರ" ಎಂದರು, ಅಷ್ಟೇ. ನಾನು ಮತ್ತೆ ಕೂತೆ. ಆ ಚಹಾ ಕುಡಿದೆ. ಕೆಲಸ ಬಿಟ್ಟುಬಿಡಿ ಎಂದು ಹೇಳುವ ಬಾಯಿ ನನಗೆ ಬರಲಿಲ್ಲ. ಗಿರಣಿಯಲ್ಲಿ ಅವರ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು, ಆ ಜಾಗ ಬಿಡಿಸಿದವಳೂ ನಾನೇ.

ಅಧಿಕಾರಿ ಕೊಟ್ಟ ವಾರ ಮುಗಿಯುವ ಮುಂಚಿನ ದಿನ ನಾನು ವೇಬ್ರಿಜ್‌ಗೆ ಹೋದೆ. ಹೋಗದಿದ್ದರೆ ಮರುದಿನದ ಶೀಟಿನಲ್ಲಿ ಮತ್ತೆ ಬರೀ ನಲವತ್ತೇಳು ಬೀಳುತ್ತಿತ್ತು. ಅದನ್ನು ಅಚ್ಚು ಹಾಕಿದ ಕೈ ಅಣ್ಣಾರದೇ ಆಗಿರುತ್ತಿತ್ತು. ಹೊಸ ಕೀಬೋರ್ಡ್ ಅವತ್ತೂ ಬಂದಿರಲಿಲ್ಲ. ಮತ್ತೆ ಕೆಲಸಕ್ಕೆ ಬಂದಿದ್ದ ಅಣ್ಣಾರು ಪಕ್ಕದ ಸ್ಟೂಲಿಗೆ ಸರಿದು ನನಗೆ ಕುರ್ಚಿ ಬಿಟ್ಟರು. ಸ್ಕ್ರಿಪ್ಟು ತೆರೆದೆ. ಹಿಂದಕ್ಕೆ ವಾಲಿದ ಗೆರೆ ಬಂದರೆ ಎರಡು ಮಾಡಿ ದಾಟಿಸು, ಸರ್ವೆ ನಂಬರಿನ ಚೌಕದಲ್ಲಿ ಬಂದರೆ ಮುಂದಕ್ಕೆ ವಾಲಿಸಿ ದಾಟಿಸು ಎಂದು ಬರೆದೆ. ಎರಡು ಸಾಲು.

ಅಷ್ಟರಲ್ಲಿ ಒಂದು ಲಾರಿ ಕಾಟಾದ ಮೇಲೆ ಬಂದು ನಿಂತಿತು. ಈ ಸಲ ನಾನು ಕಿಟಕಿಯಲ್ಲಿ ನೋಡಿದೆ. ಅದು ಇಳಿದು ಬಂದ ದಾರಿ ಗುಡ್ಡದ ನೆತ್ತಿಯತನಕ ಹಸಿ ಕೆಂಪಾಗಿ ಕಾಣುತ್ತಿತ್ತು, ಹಿಂದೆ ಇನ್ನೂ ನಾಲ್ಕು ಇಳಿಯುತ್ತಿದ್ದವು. ಅಣ್ಣಾರು ಲಾರಿಯ ನಂಬರು, ಹೆಸರು, ಡ್ರೈವರ್ ಹೆಸರು ಟೈಪ್ ಮಾಡಿದರು. ಆಮೇಲೆ ನಲವತ್ತೇಳು, ಆ ಗೆರೆ, ಎರಡು. ಪ್ರಿಂಟರ್ ಕಿರ್ ಎಂದಿತು. ಹಾಳೆಯನ್ನು ಅಂಚು ಹರಿಯದ ಹಾಗೆ ಬಿಡಿಸಿ, ಡ್ರೈವರನಿಗೆ ಕೊಡುವ ಮುಂಚೆ ನನ್ನ ಮುಂದೆ ಹಿಡಿದರು. 47/2.

"ಈಗ ಬರೋಬ್ಬರಿ ಬಂತು ನೋಡ್ರಿ ಅಕ್ಕಾರ" ಎಂದರು.

ನೋಡಿದೆ. ಬರೋಬ್ಬರಿ ಇತ್ತು.